ಉಳಿದ ಹದಿನಾಲ್ಕು ಮಾತ್ರೆ

ನಮ್ಮ ಮನೆಯಲ್ಲಿ ಬೇರೆ ಏನು ಗೊತ್ತಿಲ್ಲದಿದ್ದರೂ ಗಂಟಲಿನ ವಿಷಯ ಎಲ್ಲರಿಗೂ ಗೊತ್ತು. ಗೊತ್ತು ಅಂದುಕೊಂಡಿದ್ದೆವು. ನಮ್ಮ ಮಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಹೋದ ಮೇಲೆ ಅದೇ ಕಟ್ಟೆಯ ಮೇಲೆ ನನ್ನ ಗಂಡ ನಿಂತರು. ಬೆಳಗಿನ ಐದರಿಂದ ಹತ್ತರವರೆಗೆ ಈರುಳ್ಳಿ, ಆಲೂಗಡ್ಡೆ ಮೂಟೆಗಳ ನಡುವೆ ನಿಂತು "ಒಂದು ಸಲ, ಎರಡು ಸಲ, ಮೂರು ಸಲ" ಅಂತ ಕೂಗಬೇಕು. ಮೈಕಿಲ್ಲ, ಏನಿಲ್ಲ. ಗಂಟಲೇ ಬಂಡವಾಳ. ಆ ಎರಡು ಗಂಟಲನ್ನೂ ನಲವತ್ತು ವರ್ಷ ಕಾಪಾಡಿದ್ದು ನಮ್ಮತ್ತೆಯ ಕಷಾಯ. ಶುಂಠಿ, ಮೆಣಸು, ಅತಿಮಧುರದ ಬೇರು, ಕೊನೆಗೆ ಒಂದು ಚಮಚ ಜೇನು. ಅದಕ್ಕೆಂದೇ ಒಂದು ಸಣ್ಣ ತಪ್ಪಲೆ. ಅದರಲ್ಲಿ ನಾನೊಮ್ಮೆ ಮೊಟ್ಟೆ ಬೇಯಿಸಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಕಷಾಯ ಕುಡಿಸಿದರೆ ಮುಗಿಯಲಿಲ್ಲ, ಆಮೇಲೆ ಪರೀಕ್ಷೆ. ನನ್ನ ಗಂಡ ಬಾಲ್ಕನಿಯ ತುದಿಯಲ್ಲಿ ನಿಂತು ಮೂರು ಸಲ ಕೂಗಬೇಕು. ಅತ್ತೆ ಅಡುಗೆಮನೆ ಬಾಗಿಲಲ್ಲಿ ಕಣ್ಣುಮುಚ್ಚಿ ಕೂತು ಕೇಳುವರು. ದನಿ ಎಲ್ಲೂ ಒಡೆಯದೆ ಬಂದರೆ "ಹೋಗು, ಗಟ್ಟಿಯಾಗಿದೆ" ಅನ್ನುವರು. ಒಡೆದರೆ ಇನ್ನೊಂದು ಲೋಟ. ಕೆಳಗಿನ ಮಹಡಿಯವರು ಮೊದಮೊದಲು ಜಗಳಕ್ಕೆ ಬಂದರು, ಆಮೇಲೆ ಅದನ್ನೇ ಅಲಾರಂ ಮಾಡಿಕೊಂಡರು. ಅತ್ತೆಯ ಕಿವಿ ಒಂದು ದಿನವೂ ತಪ್ಪಿದ್ದಿಲ್ಲ.

ಮಗಳಿಗೆ ಒಂಬತ್ತು ವರ್ಷ. ಅಜ್ಜನದೇ ಕಂಚಿನ ಕಂಠ ಅಂತ ಅತ್ತೆ ಅವಳನ್ನು ಕಂಚು ಅಂತ ಕರೆದರು, ಅದೇ ನಮ್ಮೆಲ್ಲರ ಬಾಯಲ್ಲೂ ಉಳಿಯಿತು. ಆ ಸೋಮವಾರ ಶಾಲೆಯಿಂದ ಬಂದವಳು ಚೀಲ ಬಿಸಾಕಿ, "ಗಂಟಲಲ್ಲಿ ಮುಳ್ಳು ಚುಚ್ಚಿದಂಗಾಗ್ತಿದೆ ಅಮ್ಮ" ಅಂದಳು. ಹಣೆ ಮುಟ್ಟಿದರೆ ಸುಡುತ್ತಿತ್ತು.

"ನೆಗಡಿ ಇಲ್ಲ, ಕೆಮ್ಮಿಲ್ಲ, ಬರೀ ಗಂಟಲು," ಅಂದರು ಅತ್ತೆ, ಸೆರಗು ಸಿಕ್ಕಿಸಿಕೊಂಡು ಎದ್ದರು. "ಇದು ನನ್ನ ಇಲಾಖೆ. ನೀನು ನಿನ್ನ ಕೆಲಸ ನೋಡ್ಕೋ."

ನನ್ನ ಕೆಲಸ ಅಂದರೆ ಲಾಂಡ್ರಿಯಲ್ಲಿ ಹೋಟೆಲುಗಳ ಚಾದರ ಮಡಚುವುದು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಜೊತೆಗಾತಿ. ಒಬ್ಬಳು ಬರದಿದ್ದರೆ ಇನ್ನೊಬ್ಬಳಿಗೂ ಕೆಲಸವಿಲ್ಲ, ಹಾಗಾಗಿ ರಜೆ ಕೇಳುವುದು ಅಂದರೆ ಎರಡು ಮನೆಯ ಶಾಪ. ನಾನು ಹೋದೆ. ನಾಲ್ಕು ದಿನ ಹೋದೆ. ಆ ನಾಲ್ಕು ದಿನ ಕಂಚುಗೆ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು, ಬೆಳ್ಳುಳ್ಳಿ ಜಜ್ಜಿ ಜೇನಲ್ಲಿ ಕಲಸಿ ನೆಕ್ಕಿಸಿದ್ದಾಯಿತು, ಬಿಸಿ ಬಟ್ಟೆ ಕತ್ತಿಗೆ ಸುತ್ತಿದ್ದಾಯಿತು, ಮೂರು ಹೊತ್ತೂ ಕಷಾಯವಾಯಿತು. ನಾಲ್ಕನೇ ದಿನ ನಾನು ಬಂದಾಗ ಮಗು ಮಂಚದ ಪಕ್ಕ ಒಂದು ಲೋಟ ಇಟ್ಟುಕೊಂಡು ಎಂಜಲನ್ನು ಅದರಲ್ಲಿ ಉಗುಳುತ್ತಿತ್ತು. ನುಂಗಲು ಆಗುತ್ತಿರಲಿಲ್ಲ.

"ಅತ್ತೆ, ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

"ಇನ್ನೆರಡು ದಿನ ತಡಿ. ಕಷಾಯ ಈಗ ಹಿಡೀತಿದೆ."

"ಎಂಜಲು ಇಳೀತಿಲ್ಲ ಮಗೂಗೆ, ಕಷಾಯ ಎಲ್ಲಿಂದ ಹಿಡಿಯುತ್ತೆ?"

"ನಿನ್ನ ಗಂಡನ ಗಂಟಲು ಕಾಪಾಡಿದ್ದು ಯಾವ ಡಾಕ್ಟ್ರು ಕಣೇ?"

"ಅವರನ್ನ ನೀವು ಕಾಪಾಡಿ. ನನ್ನ ಮಗಳನ್ನ ನಾನು ಕಾಪಾಡ್ಕೋತೀನಿ!"

ಹೌದು, ಹಾಗೇ ಅಂದೆ. ಬಾಗಿಲು ಬಡಿದುಕೊಂಡೇ ಹೊರಟೆ. ನನ್ನ ಬಾಯಿ ಜೋರು ಅಂತ ಇಡೀ ಕಟ್ಟಡಕ್ಕೇ ಗೊತ್ತು. ಅಂಥ ಬಾಯಿ ಆಮೇಲೆ ಬೇಕಾದಾಗ ತೆರೆಯಲೇ ಇಲ್ಲ, ಅದನ್ನೇ ಹೇಳಬೇಕು ಅಂತಿರುವುದು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಟಾರ್ಚು ಹಿಡಿದು ನೋಡಿದರು. ಹತ್ತಿ ಸುತ್ತಿದ ಕಡ್ಡಿಯನ್ನು ಗಂಟಲಿಗೆ ತಾಗಿಸಿ ಏನೋ ಪರೀಕ್ಷೆ ಮಾಡಿದರು. "ಇದು ಸ್ಟ್ರೆಪ್ ಅಂತ ಒಂದು ರೋಗಾಣು," ಅಂದರು. "ಬೆಳಿಗ್ಗೆ ಒಂದು, ಸಂಜೆ ಒಂದು, ಹತ್ತು ದಿನ. ಇಪ್ಪತ್ತು ಮಾತ್ರೆ. ಎರಡೇ ದಿನಕ್ಕೆ ಜ್ವರ ಬಿಡುತ್ತೆ. ಬಿಟ್ಟಿತು ಅಂತ ನಿಲ್ಲಿಸಬೇಡಿ ತಾಯಿ. ಗಂಟಲಲ್ಲಿ ಅರ್ಧ ಉಳಿದ್ರೆ ಆಮೇಲೆ ಹೃದಯಕ್ಕೆ ಬರೋ ಸಂಭವ ಇದೆ."

"ನಮ್ಮತ್ತೆ ಕಷಾಯ ಕೊಡ್ತಾರೆ."

"ಕೊಡ್ಲಿ, ಹಿತವಾಗಿರುತ್ತೆ. ಆದ್ರೆ ಈ ಕಾಯಿಲೆಗೆ ಅದು ಔಷಧಿ ಅಲ್ಲ."

ಆ ಒಂದು ಮಾತನ್ನು ಮನೆಗೆ ಬಂದು ಅತ್ತೆಗೆ ನಾಲ್ಕು ಸಲ ಹೇಳಿದೆ. ಹೃದಯದ ಮಾತನ್ನು ಹೇಳಲಿಲ್ಲ. ಜಗಳ ಗೆದ್ದ ಖುಷಿಯಲ್ಲಿ ನನಗೇ ಅದು ನೆನಪಿರಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ಎರಡನೇ ದಿನ ಜ್ವರ ಬಿಟ್ಟಿತು. ಮೂರನೇ ದಿನ ಕಂಚು ಮಂಚದಿಂದ ಮಂಚಕ್ಕೆ ಹಾರುತ್ತಿದ್ದಳು. ಮಾತ್ರೆ ತಿಂದರೆ ಮಾತ್ರ ಹೊಟ್ಟೆ ಕಿವುಚುತ್ತದೆ ಅಂತ ದಿನಾ ರಗಳೆ. ಸಂಜೆ ಅತ್ತೆ ಅವಳನ್ನು ಬಾಲ್ಕನಿಯ ತುದಿಯಲ್ಲಿ ನಿಲ್ಲಿಸಿದರು.

"ಕೂಗು ಕಂಚು."

"ಒಂದು ಸಲಾ! ಎರಡು ಸಲಾ! ಮೂರು ಸಲಾ!"

ದನಿ ಎದುರಿನ ಕಟ್ಟಡಕ್ಕೆ ಬಡಿದು ವಾಪಸ್ಸು ಬಂತು. ಅತ್ತೆ ಕಣ್ಣು ತೆರೆದು ನನ್ನ ಕಡೆ ನೋಡಿದರು. "ಎಲ್ಲಾದ್ರೂ ಒಡೀತೇನೇ? ಮೂರು ದಿನದಲ್ಲಿ ಯಾವ ಮಾತ್ರೆ ಹಿಂಗೆ ಗುಣ ಮಾಡುತ್ತೆ? ಏಳು ದಿನದಿಂದ ಒಲೆ ಮುಂದೆ ನಿಂತವಳು ನಾನು."

ಆ ಹುಡುಗಿಯ ದನಿ ಜ್ವರದಲ್ಲೂ ಒಡೆದಿರಲಿಲ್ಲ. ಎಂಜಲು ನುಂಗಲಾಗದೆ ಅಳುವಾಗಲೂ ಗಂಟೆ ಹೊಡೆದಂತೆಯೇ ಅಳುತ್ತಿದ್ದಳು. ಅದನ್ನು ಆಗ ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಗಂಟಲು ಕೆಟ್ಟರೆ ದನಿ ಕೆಡಬೇಕು, ದನಿ ನೆಟ್ಟಗಿದ್ದರೆ ಗಂಟಲು ನೆಟ್ಟಗಿದೆ. ನಮ್ಮ ಮನೆಯ ಲೆಕ್ಕ ಅಷ್ಟೇ.

ಮರುದಿನ ನನ್ನ ಗಂಡ ಮಂಡಿಯಿಂದ ಬಂದು ಬೆಂಚಿನ ಮೇಲೆ ಕುಸಿದರು. ಹೊಸ ಈರುಳ್ಳಿ ಬರುವ ಕಾಲ, ಲಾರಿ ಮೇಲೆ ಲಾರಿ. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು.

"ಸಾಹುಕಾರರು ಏನಂದ್ರು ಗೊತ್ತಾ?" ಅಂತ ಪಿಸುಗುಟ್ಟಿದರು. "ಭಾನುವಾರದೊಳಗೆ ದನಿ ಬರದಿದ್ರೆ ಮೈಕ್ ತರಿಸ್ತಾರಂತೆ. ಮೈಕ್ ಬಂದ್ರೆ ಯಾರು ಬೇಕಾದ್ರೂ ಕೂಗ್ತಾರೆ, ನಾನ್ಯಾಕೆ ಬೇಕು?"

ಅತ್ತೆ ತಪ್ಪಲೆ ಇಟ್ಟರು. ನಾನು ಮಾತ್ರೆಯ ಡಬ್ಬಿ ತೆಗೆದೆ. ಆರು ಖಾಲಿಯಾಗಿತ್ತು, ಹದಿನಾಲ್ಕು ಉಳಿದಿತ್ತು. ಹೊರಗೆ ಕಂಚು ಹಗ್ಗ ಹಾರುತ್ತಿದ್ದಳು. ಗಂಟಲಿನ ಮಾತ್ರೆ ಅಲ್ಲವೇ, ಗಂಟಲಿಗೇ ತಾನೇ, ವಾಸಿಯಾದವಳಿಗೆ ಯಾಕೆ, ಬೇಕಾದವರಿಗೆ ಆಗಲಿ ಅನ್ನಿಸಿತು. ಕತ್ತರಿ ತಗೊಂಡು ಮಾತ್ರೆ ಪಟ್ಟಿಯ ಖಾಲಿ ಭಾಗ ಕತ್ತರಿಸಿ ಬಿಸಾಕಿದೆ, ಹೊಸದರ ಹಾಗೆ ಕಾಣಲಿ ಅಂತ.

"ಇದು ಮಗೂದಲ್ವಾ?" ಅಂದರು ಅವರು.

"ಅಯ್ಯೋ, ಅಲ್ಲ ರೀ. ನಿಮಗೆ ಅಂತ ಬೇರೆ ತಂದೆ. ಬೆಳಿಗ್ಗೆ ಒಂದು, ಸಂಜೆ ಒಂದು."

ಕಂಚುಗೆ ಮಾತ್ರೆ ಮುಗೀತು ಅಂದೆ. ಇವರು ಏಳು ದಿನ ನುಂಗಿದರು. ಅದೇ ಏಳು ದಿನ ಅತ್ತೆಯ ಕಷಾಯವನ್ನೂ ಕುಡಿದರು. ಮಧ್ಯೆ ಮಂಡಿಗೆ ಒಂದು ದಿನ ರಜೆಯೂ ಬಂತು. ಭಾನುವಾರಕ್ಕೆ ದನಿ ಬಂತು, ಮೈಕು ಬರಲಿಲ್ಲ. ಎರಡು ಗಂಟಲು ಒಟ್ಟಿಗೆ ಗುಣ ಮಾಡಿದೆ ಅಂತ ಅತ್ತೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದರು. ನಾನು ಎದುರಾಡಲಿಲ್ಲ. ಎದುರಾಡಿದರೆ ಮಾತ್ರೆ ಎಲ್ಲಿ ಹೋಯಿತು ಅಂತ ಹೇಳಬೇಕಾಗುತ್ತಿತ್ತು. "ಈಗ ಬಾಯಿ ಮುಚ್ಚಿದೆಯಲ್ಲ," ಅಂತ ಅತ್ತೆ ನಕ್ಕರು, ನಾನೂ ನಕ್ಕೆ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಕಂಚು ಬಲಗಾಲು ಊರಲಾರದೆ ಗೋಡೆ ಹಿಡಿದು ಬಂದಳು. ಮಂಡಿಚಿಪ್ಪು ಊದಿ ಕೆಂಪಾಗಿತ್ತು.

"ಎಲ್ಲಿ ಬಿದ್ದೆಯೇ?"

"ಬೀಳ್ಲಿಲ್ಲ ಅಮ್ಮ."

"ಬೀಳದೆ ಹಿಂಗಾಗುತ್ತಾ? ಹೊಡೀತೀನಿ ನೋಡು, ನಿಜ ಹೇಳು."

ಎರಡು ದಿನಕ್ಕೆ ಆ ಊತ ಇಳಿಯಿತು. ಇಳಿಯುತ್ತಿದ್ದಂತೆ ಎಡಗಾಲಿನ ಹರಡು ಹಿಡಿಯಿತು. ಆಮೇಲೆ ಮೊಣಕೈ. ನೋವು ಮನೆ ಬದಲಾಯಿಸುತ್ತಾ ಹೋದ ಹಾಗೆ. ಸಣ್ಣ ಜ್ವರ ಬೇರೆ. ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕಿದರೆ, ಮುಟ್ಟಬೇಡ ಅಜ್ಜಿ ಅಂತ ಕಿರುಚಿದಳು. ಮತ್ತೆ ಅದೇ ಕ್ಲಿನಿಕ್ಕಿಗೆ ಹೋದೆ. ಈ ಸಲ ಅತ್ತೆಯೂ ಪಕ್ಕದಲ್ಲಿ ಕೂತಿದ್ದರು.

ಡಾಕ್ಟರು ಹಳೆಯ ಚೀಟಿ ನೋಡಿದರು. ಮೊದಲು ಕೇಳಿದ್ದೇ ಅದನ್ನು.

"ಹೋದ ತಿಂಗಳು ಮಾತ್ರೆ ಕೊಟ್ಟಿದ್ದೆನಲ್ಲ, ಹತ್ತು ದಿನವೂ ತಗೊಂಡ್ಳಾ?"

ಅತ್ತೆ ನನ್ನ ಮುಖ ನೋಡುತ್ತಿದ್ದರು. ನನ್ನ ಮಗಳನ್ನ ನಾನು ಕಾಪಾಡ್ಕೋತೀನಿ ಅಂತ ಬಾಗಿಲು ಬಡಿದು ಹೋದವಳು ನಾನು. ಈಗ ಇವರ ಮುಂದೆ ಏನು ಹೇಳಲಿ?

"ಹೂಂ, ಪೂರ್ತಿ ತಗೊಂಡಿದ್ದಾಳೆ," ಅಂದೆ.

"ಖಂಡಿತಾನಾ?"

"ನಾನೇ ನಿಂತು ನುಂಗಿಸಿದೀನಿ ಡಾಕ್ಟ್ರೇ."

ಆಗ ಅವರು ಚೀಟಿ ಮಡಚಿಟ್ಟರು. ಹಾಗಾದರೆ ಬೇರೆ ಯಾವುದೋ ಜ್ವರದ ನೋವಿರಬೇಕು, ನೋವಿಗೆ ಕೊಡುತ್ತೇನೆ, ಒಂದು ವಾರ ನೋಡೋಣ ಅಂದರು. ಆ ಒಂದು ವಾರವನ್ನು ನನ್ನ ನಾಲಿಗೆ ತಿಂದಿತು. ಅದನ್ನು ಯಾರ ಮೇಲೂ ಹಾಕುವಂತಿಲ್ಲ.

ನೋವು ಇಳಿಯಿತು. ಮಗು ಮಾತ್ರ ಬಾಡಿತು. ಅನ್ನ ಕಲಸಿ ಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದಳು. ಶಾಲೆಯಿಂದ ಬರುವಾಗ ಮೂರು ಮಹಡಿ ಹತ್ತಲು ಮೊದಲು ಒಂದು ಉಸಿರು ಸಾಕಿತ್ತು, ಈಗ ಒಂದೊಂದು ಮಹಡಿಗೂ ಕೂರುತ್ತಿದ್ದಳು. ಬುಧವಾರ ಸಂಜೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ಕೆಳಗಿನ ಮನೆಯವರು ಕೂಗಿ ಹೇಳಿದಾಗ ನನ್ನ ಗಂಡ ಓಡಿ ಹೋಗಿ, ಒಂದು ಕಾಲದಲ್ಲಿ ಮೂಟೆ ಹೊರುತ್ತಿದ್ದ ಅದೇ ಹೆಗಲ ಮೇಲೆ ಹೊತ್ತು ತಂದರು. ಮಲಗಿಸಿದರೆ ಕೆಮ್ಮು, ಕೂರಿಸಿದರೆ ಸುಸ್ತು. ಕತ್ತಿನ ಪಕ್ಕದ ನರ ಪಟಪಟ ಬಡಿಯುವುದು ದೂರದಿಂದಲೇ ಕಾಣುತ್ತಿತ್ತು.

ಅತ್ತೆ ತಪ್ಪಲೆ ಹಿಡಿದು ಒಲೆ ಕಡೆ ಹೋದರು.

"ಅಮ್ಮ! ಅದನ್ನ ಕೆಳಗಿಡು!" ನನ್ನ ಗಂಡ ಮಂಡಿಯಲ್ಲಿ ಕೂಗುವ ದನಿಯಲ್ಲೇ ಕೂಗಿದರು. "ನಾಲ್ಕು ದಿನ ಕಷಾಯ ಕಷಾಯ ಅಂತ ಮಗೂನ ಕೂರಿಸಿಕೊಂಡ್ಯಲ್ಲ, ಅದರದ್ದೇ ಫಲ ಇದು. ಇನ್ನೂ ಸಾಲದಾ ನಿನಗೆ?"

"ನಾನೇನು ಮಗೂಗೆ ವಿಷ ಹಾಕಿದ್ನೇನೋ?"

"ಆವತ್ತೇ ಇವಳ ಮಾತು ಕೇಳಿ ಡಾಕ್ಟ್ರ ಹತ್ರ ಕಳಿಸಿದ್ರೆ ಹಿಂಗಾಗ್ತಿರಲಿಲ್ಲ! ಇವಳಾದ್ರೂ ಮಾತ್ರೆ ಕೊಟ್ಟಳು ಅಂತ ಇಷ್ಟು ದಿನ ಉಳಿದಿದೆ."

ಅತ್ತೆ ನನ್ನ ಕಡೆ ನೋಡಿದರು. ಯಾರಾದರೂ ಒಬ್ಬರು ತಮ್ಮ ಪರ ಒಂದು ಮಾತು ಆಡಲಿ ಅಂತ ನೋಡುವ ನೋಟ ಅದು. ನಾನು ಮಗುವಿನ ಚಪ್ಪಲಿ ಹುಡುಕುವವಳ ಹಾಗೆ ಮಂಚದ ಕೆಳಗೆ ಬಗ್ಗಿದೆ. ಛೀ, ಎಂಥ ಹೆಂಗಸು ನಾನು! ಎದ್ದಾಗ ಅತ್ತೆ ತಪ್ಪಲೆಯನ್ನು ತೊಳೆದು, ಒರೆಸಿ, ಶೆಲ್ಫಿನ ಮೇಲೆ ಬೋರಲು ಹಾಕಿದ್ದರು. ಅದು ಬೋರಲು ಬಿದ್ದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ, ನಲವತ್ತು ವರ್ಷದಲ್ಲಿ ಬೇರೆ ಯಾರೂ ಕಂಡಿರಲಿಕ್ಕಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಗೆ ವೈರು ಅಂಟಿಸಿದರು, ಜೆಲ್ಲಿ ಹಚ್ಚಿ ಪರದೆಯ ಮೇಲೆ ಹೃದಯ ನೋಡಿದರು. ಮರುದಿನ ಬೆಳಿಗ್ಗೆ ಮಕ್ಕಳ ಡಾಕ್ಟರಮ್ಮ ನಮ್ಮ ಮೂವರನ್ನೂ ಮಂಚದ ಬಳಿ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಕೈಮುಗಿದರು.

"ಡಾಕ್ಟ್ರಮ್ಮ, ನನ್ನ ಮೊಮ್ಮಗಳ ಗಂಟಲು ಗಟ್ಟಿಯಾಗಿದೆ. ನೀವೇ ಕೇಳಿ. ಕೂಗು ಕಂಚು, ಒಂದು ಸಲ ಕೂಗಿಬಿಡು ತಾಯಿ."

"ಒಂದು ಸಲ..." ಅಂದಳು ಕಂಚು. ನಿಂತಳು. ಉಸಿರೆಳೆದುಕೊಂಡಳು. "ಎರಡು..." ಅಂದಳು. ಮೂರಕ್ಕೆ ಉಸಿರು ಸಾಲಲಿಲ್ಲ. ಅಂದಷ್ಟು ಮಾತ್ರ ಸ್ವಚ್ಛವಾಗಿತ್ತು, ಎಲ್ಲೂ ಒಡೆದಿರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ತಮ್ಮ ಸ್ಟೆತಾಸ್ಕೋಪಿನ ಕೊಳವೆ ತೆಗೆದು ಅತ್ತೆಯ ಕಿವಿಗೆ ಇಟ್ಟರು, ಇನ್ನೊಂದು ತುದಿಯನ್ನು ಮಗುವಿನ ಎದೆಯ ಮೇಲೆ ಒತ್ತಿದರು. "ಕೇಳಿ ಅಜ್ಜಿ," ಅಂದರು.

ಅತ್ತೆ ಕಣ್ಣು ಮುಚ್ಚಿದರು, ಅಡುಗೆಮನೆ ಬಾಗಿಲಲ್ಲಿ ಮುಚ್ಚುವ ಹಾಗೆಯೇ. ಬಹಳ ಹೊತ್ತು ಕೇಳಿದರು.

"ಗೊಗ್ಗರಾಗಿದೆ," ಅಂದರು. "ಬಡಿತದ ಮಧ್ಯೆ ಉಸ್ಸ್ ಅಂತಿದೆ. ದನಿ ಒಡೆದಿರೋದು ಇಲ್ಲಿ."

"ಹೌದಜ್ಜಿ. ಹೃದಯದ ಒಳಗಿನ ಕವಾಟ ಊದಿಕೊಂಡಿದೆ, ಸರಿಯಾಗಿ ಮುಚ್ತಾ ಇಲ್ಲ. ಗಂಟಲಿನ ಆ ಸೋಂಕು ಪೂರ್ತಿ ವಾಸಿಯಾಗದಿದ್ರೆ ಹಿಂಗಾಗುತ್ತೆ." ಡಾಕ್ಟರಮ್ಮ ನಮ್ಮ ಕಡೆ ತಿರುಗಿದರು. "ಮಾತ್ರೆ ಪೂರ್ತಿ ಕೊಟ್ಟಿದ್ರಾ?"

"ಕೊಟ್ಟಿದ್ದಾಳೆ, ಇವಳೇ ನಿಂತು ಕೊಟ್ಟಳು," ಅಂದರು ನನ್ನ ಗಂಡ. "ನಮ್ಮಮ್ಮನ ಕಷಾಯ ಅದನ್ನ ಕೆಡಿಸಿರಬೇಕು."

"ಶುಂಠಿ ಜೇನು ಮಾತ್ರೇನ ಕೆಡಿಸಲ್ಲ."

"ನಾನೇ ಕೆಡಿಸಿದ್ದು," ಅಂದರು ಅತ್ತೆ. ಕೊಳವೆ ಇನ್ನೂ ಕಿವಿಯಲ್ಲೇ ಇತ್ತು. "ನಾಲ್ಕು ದಿನ ತಡೆದವಳು ನಾನು. ಬರ್ಕೊಳ್ಳಿ, ನಂದೇ ತಪ್ಪು."

ಮಗುವಿನ ಎದೆ ಏಳುತ್ತಾ ಬೀಳುತ್ತಾ ಇತ್ತು. ಇನ್ನು ನನ್ನಿಂದ ಆಗಲಿಲ್ಲ.

"ಆರು," ಅಂದೆ. "ಆರೇ ಕೊಟ್ಟಿದ್ದು ನಾನು."

"ಇಪ್ಪತ್ತರಲ್ಲಿ?" ಅಂದರು ಡಾಕ್ಟರಮ್ಮ. "ಉಳಿದ ಹದಿನಾಲ್ಕು?"

"ಇವರಿಗೆ ಕೊಟ್ಟೆ. ಕೂಗಿ ಕೂಗಿ ದನಿ ಹೋಗಿತ್ತು. ಬೇರೆ ತಂದೆ ಅಂತ ಸುಳ್ಳು ಹೇಳಿದೆ. ಕ್ಲಿನಿಕ್ಕಿನಲ್ಲೂ ಸುಳ್ಳು ಹೇಳಿದೆ."

ನನ್ನ ಗಂಡ ಕೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡರು. ಅವರು ಹೊಡೆದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಅವರು ಡಾಕ್ಟರಮ್ಮನನ್ನು ಮಾತ್ರ ಕೇಳಿದರು, "ನನಗಾದ್ರೂ ಅದರಿಂದಾನೇ ಗುಣ ಆಯ್ತಾ ಡಾಕ್ಟ್ರೇ?"

"ಇಲ್ಲ. ಕೂಗಿ ಹೋದ ದನಿಗೆ ಆ ಮಾತ್ರೆ ಏನೂ ಮಾಡಲ್ಲ. ಒಂದೆರಡು ದಿನ ಗಂಟಲಿಗೆ ವಿಶ್ರಾಂತಿ, ಬೆಚ್ಚಗೆ ಏನಾದ್ರೂ ಕುಡಿಯೋದು, ಅಷ್ಟು ಸಾಕಿತ್ತು. ನಿಮಗೆ ಅಮ್ಮನ ಕಷಾಯವೇ ಸಾಕಿತ್ತು. ಮಾತ್ರೆ ಬೇಕಾಗಿದ್ದದ್ದು ಇವಳಿಗೆ."

ಕಂಚು ನಮ್ಮ ಮುಖ ಮುಖ ನೋಡಿದಳು. "ಅಪ್ಪನ ಕೆಲಸ ಉಳೀತಲ್ಲ ಅಮ್ಮ," ಅಂದಳು, ನನ್ನನ್ನು ಸಮಾಧಾನ ಮಾಡುವವಳ ಹಾಗೆ. ನಾನು ವಾರ್ಡಿನ ಬಾಗಿಲ ಹೊರಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡೆ. ಎಳೆದು ತಂದದ್ದು ಅತ್ತೆ. "ಸಾಕು ಬಾ," ಅಂದರು, "ಮಗು ನೋಡ್ತಿದೆ." ಅಷ್ಟೇ ಅಂದರು. ಇವತ್ತಿನವರೆಗೂ ಅದಕ್ಕಿಂತ ಹೆಚ್ಚು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಪ್ಪತ್ತು ದಿನದ ಮೇಲೆ ಮನೆಗೆ ಬಂದೆವು. ದಿನಾ ಎರಡು ಹೊತ್ತು ಹೃದಯಕ್ಕೆ ಮಾತ್ರೆ. ಮೂರು ವಾರಕ್ಕೊಂದು ಇಂಜೆಕ್ಷನ್, ಅವಳು ದೊಡ್ಡವಳಾಗುವವರೆಗೆ. ಆಮೇಲೂ ಎಷ್ಟು ವರ್ಷವೋ ಗೊತ್ತಿಲ್ಲ. ಕವಾಟ ತಾನಾಗಿ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು, ಆಗ ಆಪರೇಷನ್. ಓಡುವಂತಿಲ್ಲ, ಹಗ್ಗ ಹಾರುವಂತಿಲ್ಲ. ಕೂಗುವ ಆಟ ಮನೆಯಲ್ಲಿ ನಿಂತಿದೆ. ನನ್ನ ಗಂಡ ಬೆಳಿಗ್ಗೆ ಸದ್ದಿಲ್ಲದೆ ಬಾಗಿಲೆಳೆದುಕೊಂಡು ಹೋಗುತ್ತಾರೆ. ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾರೆ, ಉಪ್ಪು ಕೊಡು, ಚೀಟಿ ಎಲ್ಲಿ, ಇಂಜೆಕ್ಷನ್ ಯಾವತ್ತು.

ನಿನ್ನೆ ಸಂಜೆ ಅತ್ತೆ ಮಂಚದ ಮೇಲೆ ಬಗ್ಗಿ ಕಂಚುವಿನ ಎದೆಗೆ ಕಿವಿ ಇಟ್ಟಿದ್ದರು. ಬಂದಾಗಿನಿಂದ ದಿನಾ ಹಾಗೆ ಇಡುತ್ತಾರೆ. ಕೊಳವೆ ಇಲ್ಲದೆ ಏನು ಕೇಳಿಸುತ್ತದೋ, ಕೇಳುವ ಧೈರ್ಯ ನನಗಿಲ್ಲ.

"ಹೆಂಗಿದೆ ಅಜ್ಜಿ?" ಅಂದಳು ಕಂಚು.

"ಇನ್ನೂ ಗೊಗ್ಗರಾಗೇ ಇದೆ ಮಗಾ."

"ಹಂಗಾದ್ರೆ ಅದಕ್ಕೂ ಕಷಾಯ ಮಾಡಿಕೊಡು. ಕಹಿ ಅಂತ ಗಲಾಟೆ ಮಾಡಲ್ಲ, ಪೂರ್ತಿ ಕುಡೀತೀನಿ."

ಅತ್ತೆ ತಲೆ ಎತ್ತಲಿಲ್ಲ. ಅವಳ ಎದೆಯ ಮೇಲೇ ಮುಖವಿಟ್ಟುಕೊಂಡು ಹೇಳಿದರು.

"ಅದಕ್ಕೆ ನನ್ನ ಹತ್ರ ಕಷಾಯ ಇಲ್ಲ ಕಂದಾ."

ಶೆಲ್ಫಿನ ಮೇಲೆ ತಪ್ಪಲೆ ಬೋರಲಾಗೇ ಇತ್ತು. ನಾನು ಅದರ ಪಕ್ಕದ ಡಬ್ಬಿ ತೆಗೆದು ಸಂಜೆಯ ಮಾತ್ರೆ ಕೈಗೆ ಹಾಕಿಕೊಂಡು ನೀರು ತಂದೆ. "ಬಾಯಿ ತೆಗಿ," ಅಂದೆ. ನುಂಗಿದಳು. "ನಾಲಿಗೆ ಎತ್ತಿ ತೋರಿಸು," ಅಂದೆ. ಎತ್ತಿ ತೋರಿಸಿದಳು. ಆದರೂ ನಾನು ಅಲ್ಲೇ ನಿಂತಿದ್ದೆ.